ಇಪ್ಪತ್ತೆಂಟರ ಟೈರು

ನೀರಿನ ಕಚೇರಿಯ ಮೀಟರ್ ವಿಭಾಗದ ಹಿರಿಯ ಗುಮಾಸ್ತರು ತಮ್ಮ ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಒಂದೇ ಒಂದು ಸುಳ್ಳು ಹೇಳಿದರು. ಅದೂ ಪೂರ್ತಿ ಸುಳ್ಳಲ್ಲ, ಮುಕ್ಕಾಲು ಸುಳ್ಳು. ಪೂರ್ತಿ ಸುಳ್ಳು ಹೇಳಿ ಅರಗಿಸಿಕೊಂಡವರನ್ನು ಅವರು ಬೇಕಾದಷ್ಟು ನೋಡಿದ್ದರು. ಮುಕ್ಕಾಲು ಸುಳ್ಳು ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಕಚೇರಿಗೆ ಹೊಸ ಅಧಿಕಾರಿಯಾಗಿ ಮೇಡಂ ಒಬ್ಬರು ಬಂದಿದ್ದರು. ಮೊದಲ ದಿನವೇ ಅವರು ಮಿಡತೆಯಂಥ ತೆಳ್ಳನೆಯ ಸೈಕಲ್ಲಿನಲ್ಲಿ ಬಂದು, ಅದನ್ನು ಒಂದೇ ಕೈಯಲ್ಲಿ ಎತ್ತಿ ಮೆಟ್ಟಿಲು ಹತ್ತಿಸಿ, ಬೆವರು ಒರೆಸಿಕೊಳ್ಳುತ್ತ ಕೇಳಿದರು: "ಇಲ್ಲಿ ಇನ್ಯಾರು ಸೈಕಲ್ಲಲ್ಲಿ ಬರ್ತೀರಿ?"

ಯಾರೂ ಉಸಿರೆತ್ತಲಿಲ್ಲ. ನಮ್ಮ ಗುಮಾಸ್ತರಿಗೆ ಮೌನ ಕಂಡರಾಗದು. ಎಲ್ಲಾದರೂ ಮೌನ ಬಿದ್ದರೆ ಅದು ತಮ್ಮದೇ ತಪ್ಪೆಂದು ಅವರಿಗೆ ಅನಿಸಿಬಿಡುತ್ತದೆ.

"ನಾನು ಮೇಡಂ," ಎಂದರು.

"ಹೌದಾ! ಯಾವ ಸೈಕಲ್ಲು?"

"ಹಳೇ ಕಾಲದ್ದು. ವಿಂಟೇಜು. ಸದ್ಯಕ್ಕೆ ರಿಪೇರಿಗೆ ಹೋಗಿದೆ."

"ಅಯ್ಯೋ, ಹಳೇ ಸೈಕಲ್ ಅಂದ್ರೆ ನಂಗೆ ಪ್ರಾಣ. ತನ್ನಿ ಒಂದಿನ, ನೋಡೋಣ."

ನಿಜವಾದ ಕಾಲು ಭಾಗ ಇಷ್ಟು: ಗುಮಾಸ್ತರ ಚಿಕ್ಕಪ್ಪನದೊಂದು ಕರಿ ಸೈಕಲ್ಲು ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹಿಂದೆ, ಗೋಡೆಗೆ ಒರಗಿ ನಿಂತಿತ್ತು. ಅದರ ಹ್ಯಾಂಡಲಿನ ಮೇಲೆ ಅವರ ಹೆಂಡತಿ ನೆಲ ಒರೆಸುವ ಬಟ್ಟೆ ಒಣಗಿಸುತ್ತಿದ್ದಳು. ಗುಮಾಸ್ತರು ಅದನ್ನು ಕೊನೆಯ ಸಲ ತುಳಿದದ್ದು ಮದುವೆಗೆ ಮುಂಚೆ. ಕಚೇರಿಗೆ ಅವರು ಹೋಗುತ್ತಿದ್ದದ್ದು ಬಸ್ಸಿನಲ್ಲಿ, ಕಿಟಕಿ ಪಕ್ಕ.

ಅಂದು ಸಂಜೆ ಒರೆಸುವ ಬಟ್ಟೆಯನ್ನು ಭಯಭಕ್ತಿಯಿಂದ ಪಕ್ಕಕ್ಕಿಟ್ಟು, ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆಯ ಗಿರಾಕಿಗಳೊಂದಿಗೆ ಮಾತಿಗೆ ಬಿದ್ದದ್ದನ್ನು ಖಾತ್ರಿ ಮಾಡಿಕೊಂಡು, ಹಿತ್ತಲ ಬಾಗಿಲಿನಿಂದ ಅದನ್ನು ತಳ್ಳಿಕೊಂಡು ಹೊರಟರು. ಟೈರುಗಳು ಒಣಗಿದ ಮರದ ತೊಗಟೆಯ ಹಾಗೆ ಸೀಳಿದ್ದವು. ಹಿಂದಿನ ಚಕ್ರ ಸುತ್ತಿಗೊಮ್ಮೆ ಮುದುಕರ ಹಾಗೆ ಕೆಮ್ಮುತ್ತಿತ್ತು.

ಸೈಕಲ್ ಅಂಗಡಿಯವನು ಅದನ್ನು ಮೇಲಿಂದ ಕೆಳಗೆ ನೋಡಿ, ಕೈ ಒರೆಸಿಕೊಂಡು ಎದ್ದು ನಿಂತ. "ಟೈರು ಯಾವ್ ತರದ್ದು ಬೇಕು ಸಾರ್?"

"ದುಂಡಗಿರೋದು," ಎಂದರು ಗುಮಾಸ್ತರು, ತಿಳಿದವರ ಹಾಗೆ.

"ಚೌಕದ್ದು ನಾನೂ ಇಟ್ಟಿಲ್ಲ. ಇದು ಇಪ್ಪತ್ತೆಂಟು ಇಂಚಿನ ಚಕ್ರ. ಕರಿದಿದೆ, ಪಕ್ಕದಲ್ಲಿ ಬಿಳೀ ಪಟ್ಟಿ ಇರೋದಿದೆ, ಪೂರ್ತಿ ಕೆನೆ ಬಣ್ಣದ್ದಿದೆ. ಕರಿದು ಬಾಳಿಕೆ ಬರುತ್ತೆ. ಬಿಳೀ ಪಟ್ಟಿದು ನೋಡೋಕೆ ಚೆಂದ. ಕೆನೆ ಬಣ್ಣದ್ದು ಹಾಕಿದ್ರೆ ಜನ ತಿರುಗಿ ನೋಡ್ತಾರೆ."

ಗುಮಾಸ್ತರು ಮೂರನ್ನೂ ಮುಟ್ಟಿದರು, ಮೂಸಿದರು, ಒಂದನ್ನು ಕಿವಿಯ ಹತ್ತಿರ ಹಿಡಿದರು. ಆಮೇಲೆ, "ನಾಳೆ ನೋಡೋಣ," ಎಂದರು.

ಕಚೇರಿಯಲ್ಲಿ ಅವರ ಅಡ್ಡಹೆಸರೇ 'ನಾಳೆನೋಡೋಣ'. ಅವರು ಅಂಗಡಿಗೆ ಹತ್ತೊಂಬತ್ತು ಸಂಜೆ ಹೋದರು. ಒಂದು ಸಂಜೆ ಬೆಲ್ಲು ಆರಿಸಲು ಕೂತರು. ಹನ್ನೊಂದು ಬೆಲ್ಲುಗಳನ್ನು ಒಂದೊಂದಾಗಿ ಬಾರಿಸಿ, ಮತ್ತೆ ಮೊದಲನೆಯದಕ್ಕೆ ಬಂದಾಗ ಪಕ್ಕದ ಕ್ಷೌರದಂಗಡಿಯವನು ಕತ್ತಿ ಹಿಡಿದೇ ಬಂದು, "ಅಣ್ಣಾ, ಇನ್ನೊಂದ್ಸಲ ಬಾರಿಸಿದ್ರೆ ನನ್ನ ಗಿರಾಕಿ ಕಿವಿ ಕೈಗೆ ಬರುತ್ತೆ" ಎಂದು ವಿನಯದಿಂದ ಹೇಳಿ ಹೋದ. ಇನ್ನೊಂದು ಸಂಜೆ ದೀಪ. ಟೈರಿಗೆ ಉಜ್ಜಿಕೊಂಡು ತಿರುಗುವ ಡೈನಮೋ ಒಳ್ಳೆಯದೋ, ಬ್ಯಾಟರಿಯದೋ? ಅದಾದ ಮೇಲೆ ಮುಂದಿನ ಬುಟ್ಟಿ, ಹಿಂದಿನ ಕ್ಯಾರಿಯರ್, ಚೈನ್ ಕವರ್, ಎಡಗನ್ನಡಿ, ಬಲಗನ್ನಡಿ. ಅಂಗಡಿಯವನ ಕೂದಲು ಆ ಹತ್ತೊಂಬತ್ತು ದಿನದಲ್ಲಿ ನರೆಯಿತು ಎನ್ನುವುದು ಉತ್ಪ್ರೇಕ್ಷೆ; ಆದರೆ ಅವನು ಟೋಪಿ ಹಾಕಲು ಶುರು ಮಾಡಿದ್ದು ನಿಜ.

ಇಪ್ಪತ್ತನೆಯ ದಿನ ಅವನ ಸಹನೆ ತೀರಿತು. ಮಧ್ಯಾಹ್ನ ಕಚೇರಿಗೇ ಫೋನ್ ಮಾಡಿದ. ಕೆನೆ ಬಣ್ಣದ ಟೈರು ಕೊನೆಯ ಜೊತೆ ಉಳಿದಿದೆ, ಬೇರೆ ಗಿರಾಕಿ ಬಾಗಿಲಲ್ಲಿ ನಿಂತಿದ್ದಾನೆ, ಈಗ ಹೇಳಿದರೆ ಸರಿ, ಇಲ್ಲದಿದ್ದರೆ ಇಲ್ಲ.

ಗುಮಾಸ್ತರು ಫೋನ್ ಹಿಡಿದುಕೊಂಡು ಮೊಗಸಾಲೆಗೆ ಓಡಿದರು. ಅಲ್ಲಿ ಗೋಡೆ ಕೊರೆಯುವ ಯಂತ್ರ ಗುಂಯ್‌ಗುಡುತ್ತಿತ್ತು. ಹಾಗಾಗಿ ಕಿರುಚಬೇಕಾಯಿತು.

"ರೀ, ಟೈರ್! ಹೌದು, ತೀರ್ಮಾನ ಮಾಡಿಬಿಟ್ಟೆ! ಕೇಳಿಸ್ತಾ? ರೀ, ಟೈರ್! ಇಪ್ಪತ್ತೆಂಟು! ... ಇಷ್ಟು ವರ್ಷ ಸವೆದದ್ದು ಸಾಕು! ... ಒಳಗಿಂದೂ ಪೂರ್ತಿ ಹೋಗಿದೆ. ಗಾಳಿ ನಿಲ್ತಾನೇ ಇಲ್ಲ! ... ಇಲ್ಲ ಇಲ್ಲ, ಇನ್ನು ತಡ ಮಾಡೋದು ಬೇಡ."

ಕಾಗದದ ಕಟ್ಟು ಹೊತ್ತು ಅದೇ ಮೊಗಸಾಲೆಯಲ್ಲಿ ಬರುತ್ತಿದ್ದ ಅಟೆಂಡರ್ ನಿಂತಲ್ಲೇ ನಿಂತ. ಒಳ್ಳೆಯ ಮನುಷ್ಯ, ಒಂದು ಕಿವಿ ಮಂದ, ಇನ್ನೊಂದು ಚುರುಕು. ಕೇಳಿಸಿದ್ದಕ್ಕಿಂತ ಹೆಚ್ಚು ಅರ್ಥ ಮಾಡಿಕೊಳ್ಳುವುದು ಅವನ ಸ್ವಭಾವ. ಮೂರು ನಿಮಿಷದಲ್ಲಿ ಸುದ್ದಿ ಮೀಟರ್ ವಿಭಾಗ ತಲುಪಿತು: ಹಿರಿಯ ಗುಮಾಸ್ತರು ಇಪ್ಪತ್ತೆಂಟನೇ ತಾರೀಕು ರಿಟೈರ್ ಆಗುತ್ತಿದ್ದಾರೆ. ಶ್ವಾಸಕೋಶ ಪೂರ್ತಿ ಹೋಗಿದೆ. ಗಾಳಿ ನಿಲ್ಲುತ್ತಿಲ್ಲ.

"ಬಾಯಿಬಿಟ್ಟು ಯಾರೂ ಕೇಳ್ಬೇಡಿ," ಎಂದು ಅಟೆಂಡರ್ ಮೇಡಂ ಕೋಣೆಯವರೆಗೂ ಹೋಗಿ ಎಲ್ಲರಿಗೂ ತಾಕೀತು ಮಾಡಿದ. "ಪಾಪ, ನೊಂದ್ಕೋತಾರೆ."

ಕಿರಿಯ ಗುಮಾಸ್ತನಿಗೆ ಮಾತ್ರ ಕೇಳದಿರಲು ಆಗಲಿಲ್ಲ. ಹಿರಿಯರ ಮೇಜು ಫ್ಯಾನಿನ ಕೆಳಗಿತ್ತು. ತನ್ನದು ಫೈಲಿನ ಕಪಾಟಿನ ಸಂದಿಯಲ್ಲಿತ್ತು. ಹತ್ತು ವರ್ಷದಿಂದ ಅವನು ಆ ಫ್ಯಾನನ್ನು ನೋಡುತ್ತಿದ್ದದ್ದು ಹಸಿದವನು ಊಟದೆಲೆ ನೋಡಿದ ಹಾಗೆ. ಆದರೂ ಅವನ ದುಃಖ ಸುಳ್ಳಲ್ಲ. ಫ್ಯಾನೂ ಬೇಕಿತ್ತು, ಹಿರಿಯರೂ ಬೇಕಿತ್ತು, ಅಷ್ಟೆ.

"ಸಾರ್, ತೀರ್ಮಾನ ಗಟ್ಟಿನಾ?"

ಅಟೆಂಡರನ ಕಿವಿಗೆ ಬಿದ್ದರೆ ಸುದ್ದಿ ಊರಿಗೇ ಬೀಳುತ್ತದೆ, ಇವನಿಗೆ ಟೈರಿನ ವಿಷಯ ಗೊತ್ತಾದದ್ದರಲ್ಲಿ ಆಶ್ಚರ್ಯವೇನೆಂದುಕೊಂಡರು ಗುಮಾಸ್ತರು. "ಗಟ್ಟಿ ಕಣಯ್ಯಾ. ತುಂಬಾ ಯೋಚ್ನೆ ಮಾಡ್ದೆ. ನಿದ್ದೆ ಇಲ್ಲ ಮೂರು ವಾರದಿಂದ."

"ಮನೆಯವ್ರು ಏನಂದ್ರು?"

"ಇನ್ನೂ ಹೇಳಿಲ್ಲ. ಹೇಳಿದ್ರೆ ರಂಪ ಮಾಡ್ತಾಳೆ."

"ಆಮೇಲೆ ಹೇಗೆ ಸಾರ್ ಕಾಲ ಹಾಕೋದು?"

"ಆಮೇಲೇನು? ಹಾಯಾಗಿ ಉರುಳ್ತಾ ಇರೋದು."

"ಮತ್ತೆ ಹಳೇದು..." ಹಳೇ ಕೆಲಸ, ಬಾಕಿ ಉಳಿದ ಫೈಲುಗಳ ಗತಿ ಏನೆಂದು ಅವನು ಕೇಳಬೇಕೆಂದಿದ್ದ.

"ಹಳೇದನ್ನ ದಾನ ಮಾಡಿದೀನಯ್ಯಾ," ಎಂದರು ಗುಮಾಸ್ತರು ಉದಾರವಾಗಿ. "ಕುಯ್ದು ಯಾರಿಗೆ ಯಾವ ಭಾಗ ಬೇಕೋ ತಗೊಳ್ಳಿ ಅಂತ ಹೇಳಿದೀನಿ. ಸುಟ್ರೆ ಏನು ಬಂತು? ಬರೀ ಹೊಗೆ, ವಾಸನೆ."

ಕಿರಿಯ ಗುಮಾಸ್ತ ಕಪಾಟಿನ ಸಂದಿಗೆ ಹೋಗಿ ಅತ್ತ. ದೇಹದಾನ! ಇಂಥ ಮಹಾನುಭಾವನ ಫ್ಯಾನಿಗೆ ತಾನು ಆಸೆಪಟ್ಟೆನಲ್ಲಾ! ಪಾಪಪ್ರಜ್ಞೆಯಿಂದ ಅವನು ಅಂದೇ ಸ್ವಯಂ ನಿವೃತ್ತಿಯ ಅರ್ಜಿಯನ್ನು ತಾನೇ ಕೂತು, ಒಂದು ಕಾಗುಣಿತ ತಪ್ಪಿಲ್ಲದೆ, ಟೈಪ್ ಮಾಡಿದ. ಮೇಡಂ ಕಣ್ಣು ತೇವ ಮಾಡಿಕೊಂಡು ಶಿಫಾರಸು ಬರೆದರು. ಮುರಿದ ಕುರ್ಚಿಯೊಂದನ್ನು ಬದಲಿಸುವ ಫೈಲು ಆ ಕಚೇರಿಯಲ್ಲಿ ಮೂರು ವರ್ಷದಿಂದ ಓಡಾಡುತ್ತಿತ್ತು. ಈ ಫೈಲು ನಾಲ್ಕು ದಿನದಲ್ಲಿ ಸಿದ್ಧವಾಯಿತು. ಒಬ್ಬರನ್ನು ಕೂರಿಸುವ ಫೈಲಿಗೆ ಕಾಲಿರುವುದಿಲ್ಲ, ಕಳಿಸುವ ಫೈಲಿಗೆ ರೆಕ್ಕೆ.

ಅರ್ಜಿ ಸಹಿಗೆ ಬಂದಾಗ ಗುಮಾಸ್ತರ ಮುಂದೆ ಚೈನ್ ಕವರಿನ ಎರಡು ಚಿತ್ರಗಳಿದ್ದವು. ಕಣ್ಣು ಅದರ ಮೇಲಿತ್ತು, ಕೈ ಸಹಿ ಮಾಡಿತು. ಪಕ್ಕದಲ್ಲಿ ನಿಂತಿದ್ದ ಅಟೆಂಡರ್ ಆ ಧೀರತೆ ಕಂಡು ಮುಖ ತಿರುಗಿಸಿಕೊಂಡ.

ಇತ್ತ ಬೀದಿಗೂ ಸುದ್ದಿ ಬಂದಿತ್ತು. ಅಟೆಂಡರನ ಅತ್ತಿಗೆ ಗುಮಾಸ್ತರ ಹೆಂಡತಿಯ ಹತ್ತಿರ ರವಿಕೆ ಹೊಲಿಸುವವಳು. ಅವಳು ಬಾಯಿಬಿಡುವುದಕ್ಕೆ ಮುಂಚೆ ಎದುರುಮನೆಯ ನಿವೃತ್ತ ಮೇಷ್ಟ್ರು ಬಂದರು. ಅವರು ಪಾರ್ಕಿನ ನಿವೃತ್ತರ ಸಂಘದ ಅಧ್ಯಕ್ಷರು, ಸಂಘದಲ್ಲಿ ಇಸ್ಪೀಟಿಗೆ ನಾಲ್ಕನೇ ಕೈ ಇಲ್ಲದೆ ಆರು ತಿಂಗಳಿಂದ ಕಂಗಾಲಾಗಿದ್ದರು.

"ತಾಯೀ, ಶುಭ ಸಮಾಚಾರ! ನಿಮ್ಮ ಯಜಮಾನ್ರನ್ನ ಸಂಘಕ್ಕೆ ಸೇರಿಸ್ಕೊಂಡ್ವಿ. ಇಪ್ಪತ್ತೆಂಟಕ್ಕೆ ರಿಟೈರ್ ಆಗ್ತಾರಂತಲ್ಲ!"

ಹೊಲಿಗೆ ಯಂತ್ರ ನಿಂತಿತು. ಆ ಮುಂದಿನ ಕೋಣೆ ಹತ್ತಡಿ ಉದ್ದ, ಎಂಟಡಿ ಅಗಲ. ಅದರಲ್ಲಿ ಯಂತ್ರ, ಇಸ್ತ್ರಿಯ ಮೇಜು, ಅಳತೆ ಕೊಡಲು ಬರುವ ಹೆಂಗಸರಿಗೆ ಒಂದು ಪರದೆ. ಬೆಳಿಗ್ಗೆ ಒಂಬತ್ತಕ್ಕೆ ಗಂಡ ಹೊರಗೆ ಹೆಜ್ಜೆಯಿಟ್ಟ ಮೇಲೆ ಅದು ಅವಳ ರಾಜ್ಯ. ಭಾನುವಾರಗಳಂದು ಗಂಡ ಮನೆಯಲ್ಲಿದ್ದು ಗುಂಡಿಗಳ ಡಬ್ಬಿಯನ್ನು ಬಣ್ಣದ ಪ್ರಕಾರ ಜೋಡಿಸಿ, ಆಮೇಲೆ ಗಾತ್ರದ ಪ್ರಕಾರವೇ ಸರಿಯೇನೋ ಎಂದು ಮತ್ತೆ ಕಲಸಿ, ಸಂಜೆಗೆ "ನಾಳೆ ನೋಡೋಣ" ಎಂದು ಬಿಟ್ಟು ಏಳುವುದನ್ನು ಅವಳು ಸಹಿಸಿಕೊಂಡಿದ್ದಳು. ಇನ್ನು ವಾರಕ್ಕೆ ಏಳು ಭಾನುವಾರ!

ಸಂಜೆ ಗುಮಾಸ್ತರು ಒಳಗೆ ಕಾಲಿಡುತ್ತಲೇ ಅವಳು ಕತ್ತರಿ ಕೆಳಗಿಟ್ಟಳು. ಅದನ್ನು ಕೆಳಗಿಡುವುದೇ ಅಪಾಯದ ಸೂಚನೆ.

"ಏನ್ರೀ, ನಂಗೆ ಒಂದ್ಮಾತೂ ಹೇಳ್ದೆ ತೀರ್ಮಾನ ಮಾಡ್ಬಿಟ್ರಂತೆ!"

ಟೈರಿನ ಗುಟ್ಟು ರಟ್ಟಾಯಿತೆಂದು ಗುಮಾಸ್ತರು ಬೆವೆತರು. "ಹೇಳಿದ್ರೆ ನೀನು ಬೇಡ ಅಂತಿದ್ದೆ."

"ಅಂತಿದ್ದೆ! ನೂರು ಸಲ ಅಂತಿದ್ದೆ! ಈ ಮನೇಲಿ ಜಾಗ ಎಲ್ಲಿದೆ?"

"ಒಳಗ್ಯಾಕೆ? ಹಿತ್ತಲಲ್ಲೇ ಆಯ್ತು. ಮೇಲೊಂದು ತಗಡು ಹೊದಿಸಿದ್ರೆ ಮಳೆ ಬೀಳಲ್ಲ."

ಅವಳು ದಂಗಾದಳು. ತಾನು ಅಷ್ಟು ಕ್ರೂರಿಯೇ? "ತಗಡಿನ ಕೆಳಗಾ?"

"ಮೊದ್ಲಿಂದ ಅಲ್ಲೇ ತಾನೆ ಇದ್ದದ್ದು? ಗೋಡೆಗೆ ಒರಗಿಸಿ, ಒಂದು ಸರಪಳಿ ಹಾಕಿ ಬೀಗ ಜಡಿದ್ರೆ ಎಲ್ಲೂ ಹೋಗಲ್ಲ. ವಾರಕ್ಕೊಂದ್ಸಲ ಎಣ್ಣೆ ಹಾಕಿ ಒರೆಸಿದ್ರೆ ಸಾಕು."

ಅವಳಿಗೆ ಈಗ ಎಲ್ಲ ಸ್ಪಷ್ಟವಾಯಿತು. ಕಚೇರಿಯವರು ಸುಮ್ಮನೆ ಕಳಿಸುತ್ತಿಲ್ಲ, ಗಂಡನ ತಲೆ ಕೆಟ್ಟಿದೆ. ಬೈಗುಳವನ್ನೆಲ್ಲ ನುಂಗಿಕೊಂಡು, "ಕೈಕಾಲು ತೊಳ್ಕೊಳ್ಳಿ, ಊಟ ಮಾಡೋರಂತೆ" ಎಂದು ಮೆಲ್ಲಗೆ ಹೇಳಿದಳು. ಆ ರಾತ್ರಿ ಅವರ ತಟ್ಟೆಗೆ ಎರಡು ಸಲ ತುಪ್ಪ ಬಿತ್ತು. ಟೈರಿಗೆ ಒಪ್ಪಿಗೆ ಸಿಕ್ಕಿತೆಂದು ಗುಮಾಸ್ತರು ಸಂತೋಷದಿಂದ ಗೊರಕೆ ಹೊಡೆದರು. ಅವಳು ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತ ಮಲಗಿದಳು.

ಅಂಗಡಿಯವನು ನಾಳೆ ನಾಡಿದ್ದು ಎಂದು ಎಳೆದು, ಸೈಕಲ್ಲು ಕೊಟ್ಟದ್ದು ಸರಿಯಾಗಿ ಇಪ್ಪತ್ತೆಂಟನೇ ತಾರೀಕು ಶನಿವಾರ ಬೆಳಿಗ್ಗೆ. ಏನು ಕಳೆ! ಕೆನೆ ಬಣ್ಣದ ಟೈರು, ಹೊಳೆಯುವ ಬೆಲ್ಲು, ಡೈನಮೋ, ಬುಟ್ಟಿ, ಕ್ಯಾರಿಯರ್, ಚೈನ್ ಕವರ್. ಎರಡರಲ್ಲಿ ಯಾವ ಕನ್ನಡಿ ಎಂದು ತೀರ್ಮಾನವಾಗದೆ ಎರಡೂ. "ನಟ್ಟುಗಳನ್ನ ಸಂಜೆ ಬಂದು ಒಂದ್ಸಲ ಬಿಗಿ ಮಾಡಿಸ್ಕೊಳ್ಳಿ ಸಾರ್," ಎಂದ ಅಂಗಡಿಯವನು. ಗುಮಾಸ್ತರು ಅಷ್ಟರಲ್ಲಿ ತಿರುವು ದಾಟಿದ್ದರು.

ತಿಂಗಳ ಕೊನೆಯ ಲೆಕ್ಕಕ್ಕೆಂದು ಆ ನಾಲ್ಕನೇ ಶನಿವಾರದ ರಜೆ ರದ್ದಾಗಿತ್ತು. ಕಚೇರಿಯ ಗೇಟಿನಲ್ಲಿ ಸಿಬ್ಬಂದಿಯೆಲ್ಲ ಸಾಲಾಗಿ ನಿಂತಿತ್ತು. ಅಟೆಂಡರನ ಕೈಯಲ್ಲಿ ಹೂಗುಚ್ಛ. ಗುಮಾಸ್ತರ ಎದೆ ಉಬ್ಬಿತು. ಒಂದು ಸೈಕಲ್ಲಿಗೆ ಇಷ್ಟು ಅಭಿಮಾನವೇ! ಮೇಡಂ ಸೈಕಲ್ಲನ್ನು ಸುತ್ತು ಹಾಕಿ ನೋಡಿ, "ಈ ಸ್ಥಿತೀಲೂ ತುಳ್ಕೊಂಡು ಬಂದ್ರಲ್ಲ" ಎಂದು ಕಣ್ಣೊರೆಸಿಕೊಂಡರು. ಸೈಕಲ್ಲಿನ ಹಳೆಯ ಸ್ಥಿತಿ ಇವರಿಗೆ ಹೇಗೆ ಗೊತ್ತಾಯಿತೆಂದು ಗುಮಾಸ್ತರು ನಾಚಿದರು.

ಮಧ್ಯಾಹ್ನ ಮೂರೂವರೆಗೆ ಸಭೆ ಸೇರಿತು. ಮೇಡಂ ಎದ್ದು ನಿಂತರು. "ಹಳೇ ಕಾಲದ ಗಟ್ಟಿ ಜೀವ. ಎಷ್ಟು ಭಾರ ಹೇರಿದ್ರೂ ಕಿರ್ ಅನ್ಲಿಲ್ಲ. ಎಂಥ ದಾರೀಲೂ ಮುಗ್ಗರಿಸಲಿಲ್ಲ. ಇಂಥ ವಸ್ತು ಈಗೆಲ್ಲಿ ಸಿಗುತ್ತೆ?"

ಗುಮಾಸ್ತರು ಕಿಟಕಿಯಿಂದ ಸೈಕಲ್ಲಿನ ಕಡೆ ಪ್ರೀತಿಯಿಂದ ನೋಡಿ ತಲೆದೂಗಿದರು.

ಆಮೇಲೆ ಕಿರಿಯ ಗುಮಾಸ್ತ ಎದ್ದ. "ಸೋಮವಾರದಿಂದ ಆ ಮೇಜು ಖಾಲಿ. ಆ ಫ್ಯಾನಿನ ಕೆಳಗೆ ನಾನು ಹೇಗೆ ಕೂರ್ಲಿ? ದೇಹವನ್ನೇ ದಾನ ಕೊಟ್ಟ ಪುಣ್ಯಾತ್ಮರು..." ಎಂದು ಕರವಸ್ತ್ರ ತೆಗೆದ.

"ಯಾರು?" ಎಂದು ಗುಮಾಸ್ತರು ಅಟೆಂಡರನ ಕಿವಿಯಲ್ಲಿ ಕೇಳಿದರು. ಅದು ಮಂದ ಕಿವಿ. ಆಗ ಎದ್ದು ನಿಂತು ಎಲ್ಲರನ್ನೂ ಕೇಳಿದರು: "ಯಾರು ಹೋಗಿಬಿಟ್ರು?"

"ನೀವೇ ಸಾರ್," ಎಂದ ಕಿರಿಯ, ಬಿಕ್ಕುತ್ತ. "ರಿಟೈರ್!"

"ನಾನೆಲ್ಲಯ್ಯಾ ರಿಟೈರ್ ಅಂದೆ? ಅಂಗಡಿಯವನಿಗೆ ಅಂದದ್ದು, ರೀ... ಟೈರ್! ಸೈಕಲ್ ಟೈರ್! ಇಪ್ಪತ್ತೆಂಟು ಇಂಚು! ಗಾಳಿ ನಿಲ್ಲದೆ ಇದ್ದದ್ದು ಟ್ಯೂಬಿಂದು!"

ಈ ಸಲ ಬಿದ್ದ ಮೌನ ಯಾರ ತಪ್ಪೆಂದು ಯಾರಿಗೂ ಸಂಶಯವಿರಲಿಲ್ಲ. ಎಲ್ಲರೂ ಅಟೆಂಡರನ ಕಡೆ ತಿರುಗಿದರು. ಅವನು ಹೂಗುಚ್ಛದ ಹಿಂದೆ ಮುಖ ಮುಚ್ಚಿಕೊಂಡಿದ್ದ.

"ಆದ್ರೆ ನೀವು ಸಹಿ ಮಾಡಿದೀರಿ!" ಎಂದರು ಮೇಡಂ. "ಅರ್ಜಿ ಇವತ್ತು ಮಧ್ಯಾಹ್ನದ ಟಪಾಲಿನಲ್ಲಿ ಮುಖ್ಯ ಕಚೇರಿಗೆ ಹೋಯ್ತು. ಐದು ಗಂಟೆ ಒಳಗೆ ಅವರು ಪುಸ್ತಕದಲ್ಲಿ ನಂಬರ್ ಹಾಕಿದ್ರೆ ಮುಗೀತು. ಆಮೇಲೆ ನನ್ ಕೈಲೂ ಆಗಲ್ಲ, ಬ್ರಹ್ಮನ ಕೈಲೂ ಆಗಲ್ಲ."

ಗೋಡೆಯ ಗಡಿಯಾರದಲ್ಲಿ ನಾಲ್ಕೂಕಾಲು. ಮುಖ್ಯ ಕಚೇರಿ ಊರಿನ ಆ ತುದಿಯಲ್ಲಿ. ಅಲ್ಲಿಯ ಫೋನನ್ನು ಯಾರೂ ಎತ್ತಿದ ದಾಖಲೆಯಿಲ್ಲ. ಕೆಳಗೆ ಶನಿವಾರದ ರಸ್ತೆಯಲ್ಲಿ ಬಸ್ಸುಗಳು ಒಂದರ ಬೆನ್ನಿಗೊಂದು ಮೂಗು ತಾಗಿಸಿ ನಿಂತಿದ್ದವು. ಗುಮಾಸ್ತರು "ನಾಳೆ..." ಎಂದು ಬಾಯಿ ತೆರೆದರು. ನಾಳೆ ನೋಡುವುದಕ್ಕೆ ನೌಕರಿಯೇ ಇರುವುದಿಲ್ಲ ಎಂಬುದು ಆಗ ಹೊಳೆಯಿತು. ಜೀವನದಲ್ಲಿ ಮೊದಲ ಸಲ ಯೋಚಿಸದೆ ಒಂದು ಕೆಲಸ ಮಾಡಿದರು. ಮೇಡಂ ಗೀಚಿ ಕೊಟ್ಟ ಚೀಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಸೈಕಲ್ ಹತ್ತಿದರು.

ಬಸ್ಸುಗಳ ಸಂದಿಯಲ್ಲಿ ಕೆನೆ ಬಣ್ಣದ ಟೈರುಗಳು ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಸಾಗಿದವು. ಮೊದಲ ಉಬ್ಬಿನಲ್ಲಿ ಎಡಗನ್ನಡಿ ಹಾರಿತು. ಎರಡನೆಯದರಲ್ಲಿ ಬಲಗನ್ನಡಿ, ಯಾವುದು ಬೇಕೆಂಬ ಪ್ರಶ್ನೆಯನ್ನು ತಾನೇ ಬಗೆಹರಿಸಿಕೊಂಡು, ಹಾರಿತು. ಬೆಲ್ಲು ಕಳಚಿ ಉರುಳುತ್ತ ಹನ್ನೊಂದೂ ಬೆಲ್ಲುಗಳ ದನಿಯನ್ನು ಒಟ್ಟಿಗೆ ಹೊರಡಿಸಿತು. ಬೆಲ್ಲಿಲ್ಲದ ಗುಮಾಸ್ತರು ಚೀಟಿ ಕಚ್ಚಿಕೊಂಡೇ "ಮ್ಮ್ಮ್! ಮ್ಮ್ಮ್!" ಎಂದು ಜನರನ್ನು ಸರಿಸುತ್ತ ಹೋದರು. ಬುಟ್ಟಿ ಒಬ್ಬ ತರಕಾರಿಯವಳ ತಕ್ಕಡಿಯಲ್ಲಿ ಬಿತ್ತು. ಅವಳು ಅಭ್ಯಾಸಬಲದಿಂದ ಅದನ್ನು ತೂಗಿದಳು.

ದಾರಿಯಲ್ಲಿ ಪಾರ್ಕು. ಮೇಷ್ಟ್ರು ಇಸ್ಪೀಟು ಹಂಚಿ, ನಾಲ್ಕನೇ ಕೈಯ ಎಲೆಗಳನ್ನು ಖಾಲಿ ಜಾಗದಲ್ಲಿ ಇಟ್ಟು ಕಾಯುತ್ತಿದ್ದರು. "ಬಂದ್ರು! ಬಂದ್ರು!" ಎಂದು ಸಂಘವೆಲ್ಲ ಎದ್ದು ಕೈ ಬೀಸಿತು. ಗುಮಾಸ್ತರು ಬಂದ ವೇಗದಲ್ಲೇ ಹೋದರು. "ನಿಲ್ರೀ, ಎಲೆ ಹಂಚಿ ಆಗಿದೆ!" ಎಂದು ಮೇಷ್ಟ್ರು ಹಿಂದೆ ಓಡಿದರು. ಅವರ ಕೈಗೆ ಸಿಕ್ಕಿದ್ದು ಚೈನ್ ಕವರ್.

ಮುಖ್ಯ ಕಚೇರಿಯ ಟಪಾಲು ಕಿಟಕಿಯಲ್ಲಿ ಕೂತಿದ್ದ ಹೆಂಗಸು ಕಾಗದಗಳ ಅಡಕಲಿನಿಂದ ಒಂದೊಂದೇ ತೆಗೆದು ನಂಬರು ಹಾಕಿ ಮೊಹರು ಕುಟ್ಟುತ್ತಿದ್ದಳು. ಗುಮಾಸ್ತರು ಕಿಟಕಿಯ ಸರಳು ಹಿಡಿದು ಚೀಟಿ ಉಗುಳಿದರು. "ನನ್ನ... ಅರ್ಜಿ... ವಾಪಸ್ಸು!"

ಅವಳು ಒದ್ದೆ ಚೀಟಿಯನ್ನು ಪೆನ್ಸಿಲ್ಲಿನ ತುದಿಯಿಂದ ಬಿಡಿಸಿ ಓದಿದಳು. "ವಾಪಸ್ಸಿಗೆ ಕಾರಣ ಹೇಳ್ಬೇಕು."

"ಟೈರ್!"

"ಟಯರ್ಡ್ ಆಗಿದ್ರೆ ರಿಟೈರ್ ಆಗೋದೇ ವಾಸಿ ಅಲ್ವಾ?"

"ಸುಸ್ತಲ್ಲಮ್ಮಾ, ಟೈರು! ಗಾಳಿ ತುಂಬೋ ಟೈರು!" ಎಂದು ಗುಮಾಸ್ತರು ಮುಂದಿನ ಚಕ್ರವನ್ನೇ ಎತ್ತಿ ಕಿಟಕಿಗೆ ಹಿಡಿದರು. ಅವಳು ಚಕ್ರ ನೋಡಿದಳು, ಅವರನ್ನು ನೋಡಿದಳು, ಗಡಿಯಾರ ನೋಡಿದಳು. ಐದಕ್ಕೆ ಆರು ನಿಮಿಷ. ಅಡಕಲಿನಲ್ಲಿ ಉಳಿದದ್ದು ಎರಡೇ ಕಾಗದ. ಕೆಳಗಿನದನ್ನು ಎಳೆದು ಸರಳಿನ ಸಂದಿಯಿಂದ ತೂರಿಸಿದಳು. "ಇಲ್ಲಿ ಪಡೆದಿದ್ದೇನೆ ಅಂತ ಸಹಿ ಹಾಕಿ."

ಗುಮಾಸ್ತರು ಪೆನ್ನು ಹಿಡಿದುಕೊಂಡು ಆ ಒಂದು ಸಾಲನ್ನು ನಾಲ್ಕು ಸಲ ಓದಿದರು. ಅವಳು ಚೀಲ ಹೆಗಲಿಗೆ ಹಾಕಿಕೊಂಡು, ದೀಪ ಆರಿಸಿ, ಬೀಗದಕೈ ಆಡಿಸುತ್ತ ನಿಂತಳು. ಐದನೇ ಸಲ ಓದಿದ ಮೇಲೆ ಸಹಿ ಹಾಕಿದರು.

ಮನೆ ಮುಟ್ಟುವ ಹೊತ್ತಿಗೆ ಬೀದಿಯ ದೀಪ ಹತ್ತಿತ್ತು. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಇಸ್ತ್ರಿಯ ಮೇಜನ್ನು ಮೂಲೆಗೆ ದೂಡಿ, ಪರದೆಯನ್ನು ಎರಡಡಿ ಸರಿಸಿ, ಕಿಟಕಿಯ ಪಕ್ಕ ಒಂದು ಆರಾಮಕುರ್ಚಿ ಹಾಕಿದ್ದಳು. ಮೇಲೆ ಹೊಸದಾಗಿ ಹೊಲಿದ ಮೆತ್ತೆ.

"ಯಾರಿಗೇ ಇದು?"

"ನಿಮಗೇ. ತಗಡಿನ ಕೆಳಗೆಲ್ಲ ಬೇಡ. ಹೇಗೋ ಸುಧಾರಿಸ್ಕೊಳ್ಳೋಣ ಬಿಡಿ. ನಿಮ್ಮನ್ನ ಕಟ್ಟಿ ಹಾಕಿ ನಾನು ಹೇಗೆ ನೆಮ್ಮದಿಯಾಗಿರ್ಲಿ?"

ಗುಮಾಸ್ತರು ಚಪ್ಪಲಿ ಬಿಡುವುದನ್ನೂ ಮರೆತರು. ಎಲ್ಲ ಹೇಳಿದರು. ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ಅವಳು ಅದೇ ಕುರ್ಚಿಯಲ್ಲಿ ಕುಸಿದು ಕೂತು, ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ನಗು ತಡೆದು, ಕಣ್ಣೊರೆಸಿಕೊಂಡು, ಕೊನೆಗೆ ಬಹಳ ಜಾಗರೂಕತೆಯಿಂದ ಕೇಳಿದಳು: "ಹಾಗಾದ್ರೆ ಇನ್ಮೇಲೂ ದಿನಾ ಆಫೀಸಿಗೆ ಹೋಗ್ತೀರಿ?"

"ಹೋಗ್ತೀನಿ ಕಣೇ. ಸೈಕಲ್ಲಲ್ಲೇ."

"ಹಾಗಾದ್ರೆ ನಾಳೆ ಎಂಟಕ್ಕೇ ಹೊರಟುಬಿಡಿ."

"ನಾಳೆ ಭಾನುವಾರ ಕಣೇ!"

"ಆದ್ರೇನು?" ಎಂದಳು ಅವಳು, ಮೆತ್ತೆಯನ್ನು ಬೆನ್ನಿಗೆ ಸರಿಮಾಡಿಕೊಳ್ಳುತ್ತ. "ದಾರಿ ಅಭ್ಯಾಸ ಆಗೋದು ಬೇಡ್ವಾ?"